ಹರಾಜುಕಟ್ಟೆಯ ಇಂಗ್ಲಿಷು

ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ ಶಾಲೆ. ಏಳನೇ ತರಗತಿಯ ಹುಡುಗನೊಬ್ಬ ತನ್ನ ಮನೆಯವರ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆದು ತಂದಿದ್ದ. ಕೊನೆಯ ಎರಡು ಹೀಗಿದ್ದವು: ‘ಮೈ ಫಾದರ್ ಹ್ಯಾಸ್ ತ್ರೀ ಸನ್ಸ್. ಐ ಆ್ಯಮ್ ಬಿಗ್ ಸನ್.’ ನಾನು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ‘ಬಿಗ್’ ಮೇಲೆ ಗೀಟು ಎಳೆದು ‘ದಿ ಎಲ್ಡೆಸ್ಟ್’ ಎಂದು ಬರೆದೆ. ಹುಡುಗ ಪುಸ್ತಕವನ್ನು ಹತ್ತಿರ ಹಿಡಿದು ನೋಡಿ, ‘ದೊಡ್ಡ ಮಗ ಅಂದ್ರೆ ಬಿಗ್ ಸನ್ನೇ ಅಲ್ವಾ ಸಾರ್?’ ಅಂದ. ‘ಅಲ್ಲಪ್ಪ’ ಅಂದು ಮುಂದಿನ ಪುಸ್ತಕಕ್ಕೆ ಕೈಹಾಕಿದೆ.

ಸಂಜೆ ಕೋಲಾರದ ಬಸ್ಸಿನಲ್ಲಿ ಕೂತಾಗ ಆ ಪ್ರಶ್ನೆ ಮತ್ತೆ ಎದ್ದು ಬಂತು. ಹುಡುಗ ಕೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮಲ್ಲಿ ದೊಡ್ಡ ಮಗ ಅಂದರೆ ಮುಗಿಯಿತು. ಮಕ್ಕಳು ಮೂವರಿರಲಿ, ಆರು ಜನ ಇರಲಿ, ಎಲ್ಲರಿಗಿಂತ ಮೊದಲು ಹುಟ್ಟಿದವನು ಅವನೇ. ಆ ಹುಡುಗ ಮನೆಯಲ್ಲಿ ಆಡುವ ತೆಲುಗಿನಲ್ಲೂ ‘ಪೆದ್ದ ಕೊಡುಕು’ ಅಂದರೆ ಅಷ್ಟೇ ಅರ್ಥ, ಅದರ ಮೇಲೆ ಇನ್ನೊಂದು ಮಾತು ಬೇಕಿಲ್ಲ. ಇಂಗ್ಲಿಷಿಗೆ ಮಾತ್ರ ಹಿಂದೊಂದು ಬಾಲ, ಮುಂದೊಂದು ‘ದಿ’ ಬೇಕು. ನಾನು ತಿದ್ದಿದ್ದು ಸರಿಯೇ ಇತ್ತು. ಯಾಕೆ ತಿದ್ದಿದೆ ಅಂತ ಹೇಳದೆ ಹೋದದ್ದು ಸರಿಯಿರಲಿಲ್ಲ.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವರ್ಷಕ್ಕೆ ನಾಲ್ಕೈದಾದರೂ ಇದೇ ವಿಷಯದ್ದಿರುತ್ತವೆ. ಬರೆಯುವವರು ಹೆಚ್ಚಾಗಿ ತಂದೆ ತಾಯಿ, ನಡುವೆ ಒಬ್ಬಿಬ್ಬರು ಹೊಸ ಶಿಕ್ಷಕರು. ‘ಡಿಗ್ರೀಸ್ ಆಫ್ ಕಂಪ್ಯಾರಿಸನ್ ನಮ್ಮ ಮಗೂಗೆ ಬಾಯಿಪಾಠ ಬರುತ್ತೆ, ವಾಕ್ಯ ಮಾಡೋಕೆ ಬರಲ್ಲ, ಏನು ಮಾಡೋಣ?’ ಅಂತ ಕೇಳುತ್ತಾರೆ. ನಿಜ. ಟಾಲ್, ಟಾಲರ್, ಟಾಲೆಸ್ಟ್. ಗುಡ್, ಬೆಟರ್, ಬೆಸ್ಟ್ ಎಂದು ಮಗ್ಗಿ ಹೇಳುವ ರಾಗದಲ್ಲಿ ಮಕ್ಕಳು ಒಪ್ಪಿಸುತ್ತಾರೆ. ವಾಕ್ಯ ಕೇಳಿದರೆ ‘ಹೀ ಈಸ್ ಟಾಲ್ ದ್ಯಾನ್ ಆಲ್’ ಬರುತ್ತದೆ. ಅದನ್ನು ಗದರಿದರೆ ಮರುದಿನ ‘ಹೀ ಈಸ್ ಮೋಸ್ಟ್ ಟಾಲೆಸ್ಟ್’ ಬರುತ್ತದೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುವುದು ಶುರುವಾದದ್ದು 2007ರಲ್ಲಿ. ಮೊದಲು ಐದನೆಯದರಲ್ಲಿ ಎದುರಾಗುತ್ತಿದ್ದ ಭಾಷೆ ನಾಲ್ಕು ವರ್ಷ ಮುಂಚೆಯೇ ಬಂತು, ಅದರ ಹಿಂದೆಯೇ ಆ ಮೂರು ಕಾಲಮ್ಮಿನ ಪಟ್ಟಿಯೂ ಬಂತು. ಪಟ್ಟಿಯಲ್ಲಿ ಪದಗಳಿವೆ, ಹೋಲಿಕೆ ಇಲ್ಲ.

ನಮ್ಮ ಜಿಲ್ಲೆಯ ಮಕ್ಕಳ ಬಾಯಲ್ಲಿ ಎಷ್ಟು ಭಾಷೆ ಇವೆ ನೋಡಿ. ಶ್ರೀನಿವಾಸಪುರ, ಮುಳಬಾಗಿಲಿನ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್ ಕಡೆ ತಮಿಳು. ಕೋಲಾರದ ಪೇಟೆಯಲ್ಲಿ ಕಾಲಿಟ್ಟ ಕಡೆಯೆಲ್ಲ ದಖನಿ ಉರ್ದು ಕಿವಿಗೆ ಬೀಳುತ್ತದೆ. ಇಂಥ ಮಕ್ಕಳಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯದೋ ನಾಲ್ಕನೆಯದೋ. ಆದರೆ ಹೋಲಿಕೆಯ ವಿಷಯದಲ್ಲಿ ಈ ನಾಲ್ಕೂ ಮಾತುಗಳು ಒಂದೇ ಮನೆಯವು. ‘ಎಲ್ಲಾದ್ಕಿಂತ ದೊಡ್ಡದು’ ಅನ್ನುತ್ತದೆ ಕನ್ನಡ. ‘ಅನ್ನಿಟಿಕಂಟೆ ಪೆದ್ದದಿ’ ತೆಲುಗು. ‘ಎಲ್ಲಾತ್ತವಿಡ ಪೆರಿಸು’ ತಮಿಳು. ‘ಸಬ್ ಸೆ ಬಡಾ’ ಉರ್ದು. ನಾಲ್ಕರಲ್ಲೂ ‘ದೊಡ್ಡ’ ಎಂಬ ಪದ ಅಲುಗಾಡದೆ ಇದ್ದಲ್ಲೇ ಇದೆ. ಯಾವುದರ ಜತೆ ಹೋಲಿಸುತ್ತೇವೋ ಅದರ ಬೆನ್ನಿಗೆ ‘ಗಿಂತ’ ಕಟ್ಟುತ್ತೇವೆ. ನಮ್ಮಲ್ಲಿ ಹೊರೆ ಹೊರುವುದು ನಾಮಪದ. ಇಂಗ್ಲಿಷಿನಲ್ಲಿ ಗುಣವಾಚಕವೇ ಹೊರಬೇಕು, ಬಿಗ್ ಹೋಗಿ ಬಿಗ್ಗೆಸ್ಟ್ ಆಗಬೇಕು. ಮಗು ತಪ್ಪುವುದು ಈ ಒಂದು ತಿರುವಿನಲ್ಲಿ. ಅದಕ್ಕೆ ‘ಅತಿಶಯ’ ಎಂಬ ಕಲ್ಪನೆಯೇ ಗೊತ್ತಿಲ್ಲ ಅಂದುಕೊಂಡು ನಾವು ಮೊದಲಿಂದ ಪಾಠ ಶುರುಮಾಡುತ್ತೇವೆ. ಆದರೆ ಎಲ್ಲಕ್ಕಿಂತ ದೊಡ್ಡ ಮಾವಿನಕಾಯಿ ಯಾರ ಪಾಲಿಗೆ ಬಂತು ಎಂದು ಮೂರು ವರ್ಷದ ಮಗುವೂ ಜಗಳ ತೆಗೆಯಬಲ್ಲದು.

ಹಾಗಾಗಿ ‘ಟಾಲ್ ದ್ಯಾನ್ ಆಲ್’ ಎಂಬ ತಪ್ಪನ್ನು ನಾನೀಗ ಹೊಡೆದುಹಾಕುವುದಿಲ್ಲ. ಅದು ಅರ್ಧ ದಾರಿ. ಟೊಮೆಟೊ ಮೂರು ಮೇಜಿನ ಮೇಲಿಟ್ಟು, ‘ಇದು ಉಳಿದೆಲ್ಲಕ್ಕಿಂತ ದೊಡ್ಡದು’ ಅಂತ ಮಕ್ಕಳಿಂದಲೇ ಹೇಳಿಸುತ್ತೇನೆ. ಅದನ್ನು ಹಾಗೇ ಇಂಗ್ಲಿಷಿಗೆ ತಂದರೆ ‘ಬಿಗ್ಗರ್ ದ್ಯಾನ್ ಆಲ್ ದಿ ಅದರ್ಸ್’. ಪೂರ್ತಿ ಸರಿಯಾದ ಇಂಗ್ಲಿಷ್ ಅದು. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಅದನ್ನೇ ತಿರುಗಾಮುರುಗಾ ಮಾಡಿ ಕೇಳುತ್ತಾರೆ. ‘ಅದರ್ಸ್’ ಯಾಕೆ ಎಂದು ಒಬ್ಬ ಹುಡುಗಿ ಕೇಳಿದಳು. ಪಕ್ಕದವಳೇ ಉತ್ತರ ಕೊಟ್ಟಳು: ‘ಟೊಮೆಟೊ ತನಗಿಂತ ತಾನೇ ದೊಡ್ಡದಾಗಕ್ಕಾಗುತ್ತಾ?’ ಅಲ್ಲಿಂದ ಒಂದು ಹೆಜ್ಜೆ ಇಟ್ಟರೆ ‘ದಿ ಬಿಗ್ಗೆಸ್ಟ್’. ಉಳಿದ ಅಷ್ಟನ್ನೂ ಹೆಸರು ಹಿಡಿದು ಹೇಳುವ ಶ್ರಮವನ್ನು ಆ ‘ಎಸ್ಟ್’ ಉಳಿಸುತ್ತದೆ, ಅಷ್ಟೇ.

ಇನ್ನು ‘ದಿ’. ಇದನ್ನು ಮಕ್ಕಳು ಬಿಡುವಷ್ಟು ಬೇರಾವುದನ್ನೂ ಬಿಡುವುದಿಲ್ಲ, ಯಾಕೆಂದರೆ ನಮ್ಮ ಮಾತಿನಲ್ಲಿ ಆ ಪದವೇ ಇಲ್ಲ. ಆದರೆ ಅದರ ಕೆಲಸ ಮಾಡುವ ಒಂದು ಅಕ್ಷರ ಇದೆ. ‘ಜಿಲ್ಲೆಯಲ್ಲೇ ದೊಡ್ಡ ಕೆರೆ’, ‘ಕ್ಲಾಸಲ್ಲೇ ಜಾಣೆ’, ‘ಊರಲ್ಲೇ ಹಳೇ ಮನೆ’. ಆ ‘ಏ’ಕಾರ ಕೇಳಿಸಿತೇ? ‘ಜಿಲ್ಲೆಯಲ್ಲಿ ದೊಡ್ಡ ಕೆರೆ’ ಅಂದರೆ ದೊಡ್ಡ ಕೆರೆ ಒಂದಿದೆ ಎಂದಷ್ಟೇ. ‘ಜಿಲ್ಲೆಯಲ್ಲೇ’ ಅಂದ ಕೂಡಲೇ ಅದಕ್ಕೆ ಸಾಟಿ ಇನ್ನೊಂದಿಲ್ಲ ಎಂದಾಯಿತು. ಕನ್ನಡದಲ್ಲಿ ‘ಏ’ ಎಲ್ಲಿ ಬರುತ್ತದೋ ಇಂಗ್ಲಿಷಿನಲ್ಲಿ ಅಲ್ಲಿ ‘ದಿ’ ಮತ್ತು ‘ಎಸ್ಟ್’ ಎರಡೂ ಬರುತ್ತವೆ ಎಂದು ಹೇಳಿಕೊಟ್ಟ ಮೇಲೆ ನನ್ನ ಕೆಂಪು ಪೆನ್ನಿನ ಖರ್ಚು ಕಡಿಮೆಯಾಯಿತು. ಇದು ಯಾವ ವ್ಯಾಕರಣ ಪುಸ್ತಕದ ಸೂತ್ರವೂ ಅಲ್ಲ, ಎಲ್ಲ ಕಡೆ ಒಗ್ಗುವುದೂ ಇಲ್ಲ. ಕೋಲಾರದ ಮಟ್ಟಿಗೆ ಕೆಲಸ ನಡೆಯುತ್ತದೆ.

ಆದರೆ ನನಗೆ ಈ ಪಾಠ ನಿಜವಾಗಿ ಅರ್ಥವಾದದ್ದು ತರಗತಿಯಲ್ಲಿ ಅಲ್ಲ, ಕೋಲಾರದ ಎಪಿಎಂಸಿಯಲ್ಲಿ. ಮಳೆಗಾಲದ ಒಂದು ಬೆಳಿಗ್ಗೆ ಪರಿಚಯದ ರೈತರ ಜತೆ ಮಂಡಿಗೆ ಹೋಗಿದ್ದೆ. 15 ಕೆ.ಜಿ.ಯ ಬಾಕ್ಸುಗಳು ಸಾಲುಸಾಲು. ಸವಾಲು ಕೂಗುವವನು ಒಂದು ಬೆಲೆ ಕೂಗಿದ. ಇನ್ನೊಬ್ಬ ಅದಕ್ಕಿಂತ ಹೆಚ್ಚು ಅಂದ, ಮತ್ತೊಬ್ಬ ಅದಕ್ಕಿಂತಲೂ ಹೆಚ್ಚು. ಎಲ್ಲಿಯವರೆಗೆ ಯಾರಾದರೂ ಬಾಯಿ ತೆರೆಯುತ್ತಾರೋ ಅಲ್ಲಿಯವರೆಗೆ ಅದು ‘ಹೈಯರ್’. ಯಾರೂ ತೆರೆಯದಿದ್ದಾಗ, ಮೂರನೇ ಸಲವೂ ಮುಗಿದಾಗ, ಅದು ‘ದಿ ಹೈಯೆಸ್ಟ್’. ಹರಾಜು ಎಂದರೆ ಗಿಂತ, ಗಿಂತ, ಗಿಂತ ಎಂದು ಏರುತ್ತಾ ಹೋಗಿ ಒಂದು ಕಡೆ ನಿಲ್ಲುವುದು. ಮರುದಿನ ತರಗತಿಯಲ್ಲಿ ಪಟ್ಟಿ ಬದಿಗಿಟ್ಟು ಹರಾಜು ನಡೆಸಿದೆವು. ಸವಾಲಿಗಿಟ್ಟದ್ದು ನನ್ನ ಹಳೆಯ ಛತ್ರಿ. ‘ಮೈ ಪ್ರೈಸ್ ಈಸ್ ಹೈಯರ್ ದ್ಯಾನ್ ಯುವರ್ ಪ್ರೈಸ್’ ಎಂದು ಹೇಳದೆ ಬೆಲೆ ಏರಿಸುವಂತಿಲ್ಲ. ಎಂದೂ ಬಾಯಿಬಿಡದ ಒಬ್ಬ ಹುಡುಗ, ಅವನಪ್ಪ ಮಂಡಿಯಲ್ಲಿ ಹಮಾಲಿ, ಅಂದು ಸವಾಲು ಕೂಗುವ ಕೆಲಸ ತಾನೇ ವಹಿಸಿಕೊಂಡು ಅದೇ ರಾಗದಲ್ಲಿ ಇಂಗ್ಲಿಷ್ ಕೂಗಿದ. ಛತ್ರಿ 400 ರೂಪಾಯಿಗೆ ಹೋಯಿತು, ದುಡ್ಡು ಇನ್ನೂ ಬಂದಿಲ್ಲ.

ಮಂಡಿಯ ದರಪಟ್ಟಿಯಲ್ಲಿ ದಿನವೂ ಕಾಣುವ ಎರಡು ಪದ ಕನಿಷ್ಠ, ಗರಿಷ್ಠ. ಹವಾಮಾನ ವರದಿಯಲ್ಲೂ ಅವೇ. ಆ ಪದಗಳ ಕೊನೆಯ ‘ಇಷ್ಠ’ ಮತ್ತು ಇಂಗ್ಲಿಷಿನ ‘ಎಸ್ಟ್’ ಒಡಹುಟ್ಟಿದವು ಎಂದರೆ ಹಲವರು ನಂಬುವುದಿಲ್ಲ. ಸಂಸ್ಕೃತ, ಗ್ರೀಕ್, ಇಂಗ್ಲಿಷ್ ಎಲ್ಲ ಒಂದು ಹಳೆಯ ಬುಡದಿಂದ ಕವಲೊಡೆದ ಭಾಷೆಗಳು. ಆ ಬುಡದ ಪ್ರತ್ಯಯವೇ ಸಂಸ್ಕೃತದಲ್ಲಿ ‘ಇಷ್ಠ’, ಗ್ರೀಕಿನಲ್ಲಿ ‘ಇಸ್ಟೋಸ್’, ಇಂಗ್ಲಿಷಿನಲ್ಲಿ ‘ಎಸ್ಟ್’ ಆಗಿ ಉಳಿದಿದೆ. ಪಾಣಿನಿ ಅದನ್ನು ‘ಇಷ್ಠನ್’ ಎಂದು ಹೆಸರಿಸಿ, ‘ತಮಪ್’ ಜತೆ ಇಟ್ಟು, ಎಲ್ಲವನ್ನೂ ಮೀರಿದ್ದನ್ನು ಹೇಳಲು ಇವೆರಡು ಎಂದು ನಿಯಮ ಮಾಡಿದ. ಜ್ಯೇಷ್ಠ ಎಂದರೆ ಎಲ್ಡೆಸ್ಟ್, ಶ್ರೇಷ್ಠ ಎಂದರೆ ಬೆಸ್ಟ್. ಬಲಿಷ್ಠ, ಪಾಪಿಷ್ಠ ಎಂದು ನಮ್ಮ ಅಜ್ಜಿಯರು ಬೈಯುವಾಗಲೂ ಬಳಸಿದ್ದು ಅದೇ ಬಾಲವನ್ನು. ‘ಐ ಆ್ಯಮ್ ಬಿಗ್ ಸನ್’ ಎಂದ ಹುಡುಗನಿಗೆ ನಾನು ಅಂದು ಜ್ಯೇಷ್ಠ ಪುತ್ರ ಎಂದು ನೆನಪಿಸಿದ್ದರೆ ಸಾಕಿತ್ತು. ಪೌರಾಣಿಕ ನಾಟಕ ನೋಡಿ ಬೆಳೆದವನು ಅವನು.

‘ಮೋಸ್ಟ್’ ಎಲ್ಲಿ, ‘ಎಸ್ಟ್’ ಎಲ್ಲಿ ಎಂಬುದು ಮುಂದಿನ ತೊಡಕು. ಗಿಡ್ಡ ಪದಕ್ಕೆ ಎಸ್ಟ್, ಉದ್ದ ಪದಕ್ಕೆ ಮೋಸ್ಟ್ ಎಂದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಟಾಲ್, ಸ್ವೀಟ್, ಡೀಪ್ ಇಂಗ್ಲಿಷಿನ ಮನೆಯ ಮಕ್ಕಳು. ಬ್ಯೂಟಿಫುಲ್, ಡಿಫಿಕಲ್ಟ್, ಎಕ್ಸ್‌ಪೆನ್ಸಿವ್‌ಗಳ ಬೇರು ಫ್ರೆಂಚ್, ಲ್ಯಾಟಿನ್‌ಗಳಲ್ಲಿದೆ. ಹೊರಗಿಂದ ಬಂದ ದೊಡ್ಡ ಮೈಯ ನೆಂಟರು, ಅವರಿಗೆ ಬಾಲ ಕಟ್ಟಲಾಗದೆ ಮುಂದೆ ‘ಮೋಸ್ಟ್’ ಎಂಬ ಮಣೆ ಹಾಕುತ್ತಾರೆ. ‘ಲಾರ್ಜ್’ ಕೂಡ ಫ್ರೆಂಚಿನಿಂದ ಬಂದದ್ದೇ, ಆದರೆ ಮೈ ಚಿಕ್ಕದಾದ್ದರಿಂದ ಒಳಮನೆಗೆ ಸೇರಿಕೊಂಡಿತು. ನಮಗೆ ಇದು ಹೊಸತೇನಲ್ಲ. ಪ್ರಿಯತಮ ಅನ್ನುತ್ತೇವೆ, ದೊಡ್ಡತಮ ಅನ್ನುವುದಿಲ್ಲ. ತರಗತಿಯಲ್ಲಿ ‘ದೊಡ್ಡತಮ, ಸಿಹಿತಮ’ ಅಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ‘ಬ್ಯೂಟಿಫುಲೆಸ್ಟ್’ ಕೇಳಿದರೆ ಇಂಗ್ಲಿಷಿನವರಿಗೂ ಹಾಗೇ ನಗು ಬರುತ್ತದೆ ಎಂದರೆ ಆಯಿತು, ನಿಯಮ ಬರೆಸುವ ಕೆಲಸವಿಲ್ಲ.

ಎರಡನ್ನೂ ಸೇರಿಸಿ ‘ಮೋಸ್ಟ್ ಟಾಲೆಸ್ಟ್’ ಅನ್ನುವ ಮಗುವನ್ನು ಗದರುವ ಮುನ್ನ ನಾವೂ ಒಮ್ಮೆ ಕನ್ನಡಿ ನೋಡಿಕೊಳ್ಳಬೇಕು. ಉತ್ತಮ ಎಂಬುದರಲ್ಲೇ ‘ತಮ’ ಇದೆ, ಅದರಾಚೆಗೆ ಇನ್ನೊಂದು ಇಲ್ಲ ಎಂದೇ ಅರ್ಥ. ನಾವು ಅದರ ಮೇಲೂ ‘ಅತಿ’ ಹೇರಿ ಅತ್ಯುತ್ತಮ ಮಾಡಿದೆವು. ಪ್ರಶಸ್ತಿಪತ್ರಗಳಲ್ಲಿ ‘ಅತ್ಯಂತ ಶ್ರೇಷ್ಠ’ ಎಂದು ಅಚ್ಚು ಹಾಕಿಸುತ್ತೇವೆ. ಷೇಕ್ಸ್‌ಪಿಯರ್ ಕೂಡ ‘ಜೂಲಿಯಸ್ ಸೀಸರ್’ನಲ್ಲಿ, ಬ್ರೂಟಸ್‌ನ ಇರಿತವನ್ನು ವರ್ಣಿಸುವ ಆಂಟನಿಯ ಬಾಯಲ್ಲಿ ಮೋಸ್ಟ್ ಮತ್ತು ಎಸ್ಟ್ ಎರಡನ್ನೂ ಒಟ್ಟಿಗೆ ಹಾಕಿಸಿದ್ದಾನೆ. ದುಃಖ ಉಕ್ಕಿದಾಗ ಒಂದು ಸಾಲದು ಅನ್ನಿಸುತ್ತದೆ, ಮನುಷ್ಯಸಹಜ. ಪರೀಕ್ಷೆಯಲ್ಲಿ ಮಾತ್ರ ಅಂಕ ಕಳೆಯುತ್ತಾರೆ.

ಕನ್ನಡಕ್ಕೆ ಸ್ವಂತದ ಬಾಲ ಇಲ್ಲವೇ ಇಲ್ಲ ಎಂದೂ ಅಲ್ಲ. ಮೊಟ್ಟಮೊದಲು, ಕಟ್ಟಕಡೆ, ನಟ್ಟನಡು, ತುತ್ತತುದಿ ಎಂಬ ಮಾತುಗಳನ್ನು ನೋಡಿ. ಪದದ ತಲೆಯನ್ನೇ ಇನ್ನೊಮ್ಮೆ ಒತ್ತಿ ಹೇಳಿ, ಅದರಾಚೆ ಏನೂ ಇಲ್ಲ ಎಂದು ತೋರಿಸುವ ಉಪಾಯ. ತೆಲುಗಿನಲ್ಲೂ ಮೊಟ್ಟಮೊದಟ, ಚಿಟ್ಟಚಿವರ ಇವೆ. ಇದನ್ನು ಇಂಗ್ಲಿಷ್ ಪಾಠಕ್ಕೆ ಹೇಗೆ ಬಳಸುವುದೋ ನನಗಿನ್ನೂ ಹೊಳೆದಿಲ್ಲ. ಸುಮ್ಮನೆ ಹೇಳುವುದಕ್ಕೇ ಖುಷಿ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಾಲೂರು ತಾಲ್ಲೂಕಿನ ಒಂದು ಶಾಲೆಯಲ್ಲಿದ್ದಾಗ, ಇನ್ನೂ ಹೊಸ ಹುರುಪು, ಮಕ್ಕಳನ್ನೇ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ‘ಹೂ ಈಸ್ ದಿ ಟಾಲೆಸ್ಟ್? ಹೂ ಈಸ್ ದಿ ಶಾರ್ಟೆಸ್ಟ್?’ ಎಂದು ಕೇಳಿದೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದೇ ಹಾಗೆ, ಕಣ್ಣಿಗೆ ಕಾಣುವ ವಸ್ತುವಿನಿಂದ ಕಲಿಸಿ ಎಂದು. ಟಾಲೆಸ್ಟ್ ಅನ್ನಿಸಿಕೊಂಡ ಹುಡುಗ ಎದೆಯುಬ್ಬಿಸಿದ. ಕೊನೆಯಲ್ಲಿ ನಿಂತ ಹುಡುಗಿಗೆ ಆ ವರ್ಷವೆಲ್ಲ ‘ಶಾರ್ಟೆಸ್ಟು’ ಎಂಬುದೇ ಹೆಸರಾಯಿತು. ಮಕ್ಕಳು ಪದವನ್ನು ಚೆನ್ನಾಗಿಯೇ ಕಲಿತಿದ್ದರು, ಅದೇ ಕಷ್ಟವಾಯಿತು. ತರ, ತಮ ಎಂಬ ಎರಡು ಪ್ರತ್ಯಯ ಸೇರಿ ಹುಟ್ಟಿದ ಪದ ತಾರತಮ್ಯ. ವ್ಯಾಕರಣದ ಮಾತು ಹೇಗೆ ಬೈಗುಳದ ಮಾತಾಯಿತು ಎಂದು ಅಂದು ಕಣ್ಣಾರೆ ಕಂಡೆ. ಆಮೇಲೆ ಮಕ್ಕಳನ್ನು ಮಕ್ಕಳೊಂದಿಗೆ ಎಂದೂ ಅಳೆಯಲಿಲ್ಲ. ಅಳೆಯುವುದಕ್ಕೆ ಜಿಲ್ಲೆಯಲ್ಲಿ ಬೇಕಾದಷ್ಟಿದೆ.

ಕುರುಡುಮಲೆಯ ಗಣಪನ ಎತ್ತರ 13.5 ಅಡಿ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ನಂದಿ 35 ಅಡಿ, ದೊಡ್ಡ ಲಿಂಗ 108 ಅಡಿ. ಮೂರೂ ಎಲ್ಲ ಮಕ್ಕಳಿಗೂ ಗೊತ್ತು, ಪ್ರವಾಸ ಹೋಗಿ ಬಂದಿರುತ್ತಾರೆ. ಲಿಂಗ ‘ದಿ ಟಾಲೆಸ್ಟ್ ಆಫ್ ದಿ ತ್ರೀ’. ಹಾಗಾದರೆ ‘ದಿ ಓಲ್ಡೆಸ್ಟ್’ ಯಾವುದು? ಅಲ್ಲಿ ಸಾಲು ತಿರುವುಮುರುವಾಗಿ ಗಿಡ್ಡನೆಯ ಗಣಪನೇ ಮುಂದೆ ಬರುತ್ತಾನೆ. ಈ ಒಂದು ಪ್ರಶ್ನೆಯಿಂದ ಮಕ್ಕಳಿಗೆ ತಿಳಿಯುವುದೇನೆಂದರೆ ಬರೀ ‘ಎಸ್ಟ್’ ಎಂದರೆ ಸಾಲದು, ಯಾವುದರಲ್ಲಿ, ಯಾವುವುಗಳ ನಡುವೆ ಎಂದು ಹೇಳಬೇಕು. ಗುಂಪಾದರೆ ‘ಆಫ್’, ಜಾಗವಾದರೆ ‘ಇನ್’. ಮೂವರಲ್ಲಿ, ಜಿಲ್ಲೆಯಲ್ಲಿ ಎಂದು ನಾವು ಎರಡಕ್ಕೂ ಒಂದೇ ‘ಅಲ್ಲಿ’ ಹಚ್ಚುವುದರಿಂದ ಈ ಎರಡು ಪುಟಾಣಿ ಪದಗಳು ಕೊನೆಯವರೆಗೂ ಕಾಡುತ್ತವೆ.

ಕೆಜಿಎಫ್ ವಿಷಯ ಬಂದರೆ ವಾಕ್ಯ ಇನ್ನೂ ನಾಜೂಕಾಗಬೇಕು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ 3 ಕಿಲೋಮೀಟರಿಗೂ ಹೆಚ್ಚು ಇಳಿದಿತ್ತು. ಆದರೆ ದಕ್ಷಿಣ ಆಫ್ರಿಕದಲ್ಲಿ ಅದಕ್ಕಿಂತ ಆಳದ ಚಿನ್ನದ ಗಣಿಗಳಿವೆ. ಆದ್ದರಿಂದ ‘ಒನ್ ಆಫ್ ದಿ ಡೀಪೆಸ್ಟ್ ಮೈನ್ಸ್’. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ್ದರಿಂದ ‘ಈಸ್’ ಅಲ್ಲ, ‘ವಾಸ್’. ಈ ‘ಒನ್ ಆಫ್ ದಿ’ ಆದ ಮೇಲೆ ಬಹುವಚನ ಬರಬೇಕೆಂಬುದನ್ನು ದೊಡ್ಡ ದೊಡ್ಡವರೂ ಮರೆಯುತ್ತಾರೆ. ಕನ್ನಡದಲ್ಲಿ ಯೋಚಿಸುವ ಮಗು ಮರೆಯುವುದಿಲ್ಲ, ಯಾಕೆಂದರೆ ‘ಆಳವಾದ ಗಣಿಗಳಲ್ಲಿ ಒಂದು’ ಎಂದು ನಾವು ಬಹುವಚನವನ್ನೇ ಮೊದಲು ಹೇಳಿರುತ್ತೇವೆ. ಕನ್ನಡದಲ್ಲಿ ಯೋಚಿಸಬೇಡ, ಇಂಗ್ಲಿಷಿನಲ್ಲೇ ಯೋಚಿಸು ಎಂದು ಉಪದೇಶ ಮಾಡುವವರಿಗೆ ನಾನು ಈ ಉದಾಹರಣೆ ಹೇಳುತ್ತಿರುತ್ತೇನೆ.

ನಮ್ಮ ಟೊಮೆಟೊ ಮಾರುಕಟ್ಟೆ ಏಷ್ಯಾದಲ್ಲೇ ಎರಡನೇ ಅತಿ ದೊಡ್ಡದು ಎಂದು ಪತ್ರಿಕೆಗಳು ಬರೆಯುತ್ತವೆ, ಭಾಷಣಗಳಲ್ಲೂ ಬರುತ್ತದೆ. ‘ದಿ ಸೆಕೆಂಡ್ ಲಾರ್ಜೆಸ್ಟ್’ ಎಂದು ಮಕ್ಕಳು ಸಲೀಸಾಗಿ ಹೇಳುತ್ತಾರೆ. ಯಾರು ಅಳೆದರು, ಯಾವ ತಿಂಗಳಲ್ಲಿ, ಬಾಕ್ಸಿನ ಲೆಕ್ಕದಲ್ಲೋ ಜಾಗದ ಲೆಕ್ಕದಲ್ಲೋ ಎಂದು ತಿರುಗಿ ಕೇಳುವುದನ್ನೂ ಕಲಿಸಬೇಕೆಂಬುದು ನನ್ನ ಹಟ. ಅಳೆಯಬಹುದಾದದ್ದು ಬೇರೆ, ಅಭಿಪ್ರಾಯ ಬೇರೆ. ಮೇ ತಿಂಗಳ ಶ್ರೀನಿವಾಸಪುರದಲ್ಲಿ ‘ತೋತಾಪುರಿ ಈಸ್ ದಿ ಲಾಂಗೆಸ್ಟ್’ ಎಂಬುದಕ್ಕೆ ಅಡಿಪಟ್ಟಿ ಸಾಕು. ‘ಬಾದಾಮಿ ಈಸ್ ದಿ ಸ್ವೀಟೆಸ್ಟ್’ ಎಂದರೆ ರಸಪುರಿಯವರು ಎದ್ದು ನಿಲ್ಲುತ್ತಾರೆ, ಮಲ್ಲಿಕಾದವರು ಸುಮ್ಮನಿರುವುದಿಲ್ಲ, ಬೇನಿಶಾ ಬೆಳೆದವರ ಮನೆಯ ಮಗು ಅಳುಮುಖ ಮಾಡುತ್ತದೆ. ಮಾಲೂರಿನ ಮಾಸ್ತಿಯವರು ಕನ್ನಡಕ್ಕೆ ತಂದ ಷೇಕ್ಸ್‌ಪಿಯರ್ ನಾಟಕಗಳಲ್ಲಿ ಲಿಯರ್ ಮಹಾರಾಜನ ಕಥೆಯೂ ಒಂದು. ನಿಮ್ಮಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರು ಯಾರು ಎಂದು ಮುದುಕ ಮೂವರು ಹೆಣ್ಣುಮಕ್ಕಳನ್ನು ಕೇಳುವಲ್ಲಿಂದಲೇ ಅನಾಹುತ ಶುರು. ಒಂಬತ್ತನೇ ತರಗತಿಗೆ ಈ ಕಥೆ ಹೇಳಿದಾಗ ಒಬ್ಬಳು, ‘ನಮ್ಮಜ್ಜೀನೂ ಹಿಂಗೇ ಕೇಳುತ್ತೆ ಸಾರ್, ಆಸ್ತಿ ಏನಿಲ್ಲ ಅಷ್ಟೆ’ ಅಂದಳು.

ಪಟ್ಟಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಗುಡ್ ಹೋಗಿ ಬೆಸ್ಟ್ ಆಗುವುದು, ಬ್ಯಾಡ್ ಹೋಗಿ ವರ್ಸ್ಟ್ ಆಗುವುದು, ಬಿಗ್ಗೆಸ್ಟ್‌ನಲ್ಲಿ ‘ಜಿ’ ಎರಡಾಗುವುದು, ಇವನ್ನು ಬಾಯಿಪಾಠ ಮಾಡಿಯೇ ಕಲಿಯಬೇಕು, ಅಡ್ಡದಾರಿ ಇಲ್ಲ. ಆದರೆ ಅದು ಕೊನೆಗೆ ಬರಲಿ. ಮೊದಲು ಮಗು ತನ್ನ ಊರಿನ ಬಗ್ಗೆ ಹೇಳುವುದಕ್ಕೆ ಏನಾದರೂ ಇರಲಿ.

2023ರ ಜುಲೈ ನಿಮಗೆ ನೆನಪಿರಬಹುದು. ಟೊಮೆಟೊ ಬೆಲೆ ದಿನದಿನಕ್ಕೂ ಏರಿ 15 ಕೆ.ಜಿ.ಯ ಬಾಕ್ಸು 2,000 ರೂಪಾಯಿ ದಾಟಿತ್ತು. ಆಗ ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆಗೆ ಹತ್ತಿರದ ಒಂದು ಶಾಲೆಯಲ್ಲಿ ಎಂಟನೆಯವರಿಗೆ ಒಂದು ದಿನದ ಪಾಠ ಮಾಡಿದ್ದೆ. ಎಸ್ಟ್ ಬಳಸಿ ಎರಡು ವಾಕ್ಯ ಬರೆಯಿರಿ, ನಿಮ್ಮ ಮನೆಯ ಸುದ್ದಿಯೇ ಆಗಲಿ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೊಟ್ಟ ಹಾಳೆಯಲ್ಲಿ ಹೀಗಿತ್ತು: ‘ದಿ ಪ್ರೈಸ್ ವಾಸ್ ದಿ ಹೈಯೆಸ್ಟ್ ಆನ್ ಫ್ರೈಡೇ. ವಿ ಸೋಲ್ಡ್ ಆನ್ ಥರ್ಸ್‌ಡೇ.’ ಎರಡನೆಯದರಲ್ಲಿ ಎಸ್ಟ್ ಇಲ್ಲವಲ್ಲ ಎಂದು ಕೇಳಲು ಹೊರಟವನು ಕೇಳಲಿಲ್ಲ. ರೈಟ್ ಗುರುತು ಹಾಕಿ ಕೊಟ್ಟೆ.